ಕಿರ್ದಿ ಹಿಡಿದು ಹೊರಟವರು

ಸೆಕೆಂಡಿಗೆ 100 ಮೆಗಾಬಿಟ್ ವೇಗದ ಲೈನಿನಲ್ಲಿ 10 ಟೆರಾಬೈಟ್ ಡೇಟಾ ಕಳಿಸಬೇಕೆಂದರೆ, ಒಂದು ಗಳಿಗೆಯೂ ನಿಲ್ಲಿಸದೆ ಕಳಿಸಿದರೂ ಒಂಬತ್ತು ದಿನ ದಾಟುತ್ತದೆ. ಅಷ್ಟು ದಿನ ಬೀಗ ಜಡಿದು ಕೂರುವ ಬ್ಯಾಂಕೂ ಇಲ್ಲ, ಆಸ್ಪತ್ರೆಯೂ ಇಲ್ಲ. ಕಚೇರಿಯ ಸರ್ವರ್ ಕೋಣೆಯಿಂದ ಡೇಟಾಬೇಸನ್ನು ಕ್ಲೌಡಿಗೆ ಸಾಗಿಸುವವರ ಕಸುಬು ಶುರುವಾಗುವುದು ಈ ಲೆಕ್ಕದಿಂದ. ನಕಲು ತೆಗೆಯುವುದು ದೊಡ್ಡ ಮಾತಲ್ಲ. ನಕಲು ತೆಗೆಯುತ್ತಿರುವಾಗಲೇ ಮೂಲ ಬದಲಾಗುತ್ತಿರುತ್ತದಲ್ಲ, ಅದನ್ನು ಹಿಡಿಯುವುದು ವಿದ್ಯೆ.

ಹಳೆಯ ಮಂಡಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಒಂದು ಕಿರ್ದಿ: ದಿನವಿಡೀ ನಡೆದ ವ್ಯವಹಾರ, ನಡೆದ ಕ್ರಮದಲ್ಲೇ. ಇನ್ನೊಂದು ಖಾತೆ: ಯಾರ ಬಾಕಿ ಎಷ್ಟು ಎಂಬುದು, ಹೆಸರಿನ ಪ್ರಕಾರ. ಡೇಟಾಬೇಸಿನೊಳಗೂ ಇದೇ ಏರ್ಪಾಡು. ನಮಗೆ ಕಾಣುವ ಟೇಬಲ್‌ಗಳು ಖಾತೆ. ಅವುಗಳ ಹಿಂದೆ, ಪ್ರತಿ ಬದಲಾವಣೆಯನ್ನೂ ಸಾಲಾಗಿ ಬರೆದುಕೊಳ್ಳುವ ಕಿರ್ದಿಯೊಂದಿದೆ. ಒರಾಕಲ್ ಎಂಬ ಡೇಟಾಬೇಸಿನವರು ಅದನ್ನು ರೀಡೂ ಲಾಗ್ ಎನ್ನುತ್ತಾರೆ, ಪೋಸ್ಟ್‌ಗ್ರೆಸ್ ಎಂಬ ಇನ್ನೊಂದರವರು ವಾಲ್ ಎನ್ನುತ್ತಾರೆ. ಕರೆಂಟ್ ಹೋಗಿ ಯಂತ್ರ ಬಿದ್ದರೆ ಎದ್ದ ಮೇಲೆ ಓದಿಕೊಳ್ಳಲಿ ಎಂದು ಇಟ್ಟ ಪುಸ್ತಕ ಅದು. ಸಾಗಣೆಯವರು ಅದನ್ನೇ ತಮ್ಮ ಕೆಲಸಕ್ಕೆ ತಿರುಗಿಸಿಕೊಂಡರು. ಕಿರ್ದಿಯ ಯಾವ ಸಾಲಿನಲ್ಲಿ ಇದ್ದೇವೆ ಎಂಬ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಆ ಕ್ಷಣದ ಖಾತೆಯನ್ನು ಪೂರ್ತಿ ನಕಲು ತೆಗೆಯುತ್ತಾರೆ. ಅದಕ್ಕೆ ಹತ್ತು ದಿನವಾದರೂ ಆಗಲಿ. ಆಮೇಲೆ ಗುರುತಿಟ್ಟ ಸಾಲಿನ ಮುಂದಿನಿಂದ ಕಿರ್ದಿ ಓದುತ್ತಾ ಹೊಸ ಊರಿನ ಖಾತೆಯಲ್ಲಿ ಒಂದೊಂದೇ ಬರೆಯುತ್ತಾ ಹೋಗುತ್ತಾರೆ. ದಿನಗಳ ಅಂತರ ಗಂಟೆಗಿಳಿಯುತ್ತದೆ, ಗಂಟೆಯದು ಸೆಕೆಂಡಿಗೆ. ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ನನಗೆ ಇವತ್ತಿಗೂ ಇದು ಕಣ್ಕಟ್ಟಿನಂತೆ ಕಾಣುತ್ತದೆ.

ಒಂದು ಬಗೆಯ ಡೇಟಾಬೇಸಿನಿಂದ ಇನ್ನೊಂದು ಬಗೆಯದಕ್ಕೆ ಸಾಗಿಸುವಾಗ ಭಾಷೆಯ ತೊಡಕೂ ಉಂಟು. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ, ಡೇಟಾವನ್ನು ಟೇಬಲ್‌ಗಳಾಗಿ ಜೋಡಿಸುವ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗ ಅದು ಗಣಿತದಷ್ಟು ಶುಚಿಯಾಗಿತ್ತು. ಅದರ ಮೇಲೆ ಕಟ್ಟಿದ ಡೇಟಾಬೇಸ್‌ಗಳು ಬಹುಪಾಲು ಎಸ್‌ಕ್ಯೂಎಲ್ ಎಂಬ ಒಂದೇ ಭಾಷೆ ಮಾತಾಡುತ್ತವೆ ನಿಜ, ಆದರೆ ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ. ಸಣ್ಣ ಮಾತಿನಲ್ಲೇ ಎಡವುವುದು. ಒರಾಕಲ್‌ನಲ್ಲಿ ಖಾಲಿ ಪಠ್ಯ ಎಂದರೆ ‘ನಲ್’, ಅಂದರೆ ಮಾಹಿತಿಯೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅವೆರಡೂ ಬೇರೆ. ಹೆಸರು, ಮಧ್ಯದ ಹೆಸರು, ಅಡ್ಡಹೆಸರು ಮೂರನ್ನೂ ಜೋಡಿಸಿ ಬಿಲ್ಲಿನ ಮೇಲೆ ಮುದ್ರಿಸುವ ಒಂದು ಸಾಲು ಇದೆ ಎನ್ನಿ. ಮಧ್ಯದ ಹೆಸರು ಇಲ್ಲದವರಿಗೆ ಒರಾಕಲ್ ಉಳಿದೆರಡನ್ನು ಜೋಡಿಸಿ ಸುಮ್ಮನಾಗುತ್ತದೆ. ಅದೇ ಸಾಲನ್ನು ಪೋಸ್ಟ್‌ಗ್ರೆಸ್‌ನಲ್ಲಿ ಓಡಿಸಿ: ಒಂದು ತುಂಡು ನಲ್ ಆದರೆ ಜೋಡಿಸಿದ್ದೆಲ್ಲ ನಲ್. ಬಿಲ್ಲಿನಿಂದ ಮನುಷ್ಯನೇ ಮಾಯ!

ಕನ್ನಡದ ಪಾಡು ಬೇರೆಯೇ. ‘ಚಿಕ್ಕಬಳ್ಳಾಪುರ’ ಎನ್ನುವುದು ಕಣ್ಣಿಗೆ ಆರು ಅಕ್ಷರ. ಕಂಪ್ಯೂಟರಿಗೆ ಒತ್ತು, ಕೊಂಬು, ದೀರ್ಘ ಎಲ್ಲ ಸೇರಿ 13 ಸಂಕೇತ, ಯುಟಿಎಫ್-8 ಎಂಬ ಬರೆದಿಡುವ ಪದ್ಧತಿಯಲ್ಲಿ ಒಂದಕ್ಕೆ ಮೂರರಂತೆ 39 ಬೈಟ್. ಊರಿನ ಹೆಸರಿಗೆ 20 ಎಂದು ಅಳತೆ ಕೊಟ್ಟರೆ ಪೋಸ್ಟ್‌ಗ್ರೆಸ್ 20 ಸಂಕೇತ ಎಂದುಕೊಳ್ಳುತ್ತದೆ. ಒರಾಕಲ್, ಬೇರೆ ಹೇಳದಿದ್ದರೆ ಸಾಮಾನ್ಯವಾಗಿ 20 ಬೈಟ್ ಎಂದು. ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವಾಗ ತೊಂದರೆಯಿಲ್ಲ. ತಿರುಗಿ ಬರುವಾಗ ಚಿಕ್ಕಬಳ್ಳಾಪುರ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ.

ಕ್ಲೌಡಿಗೆ ಹೋಗುವವರಂತೆ ಅಲ್ಲಿಂದ ತಿರುಗಿ ಬರುವವರೂ ಇದ್ದಾರೆ. ಅಮೆಜಾನ್‌ನ ಗ್ರಾಹಕ ವ್ಯವಹಾರ ವಿಭಾಗ 2019ರಲ್ಲಿ ಸುಮಾರು 7,500 ಒರಾಕಲ್ ಡೇಟಾಬೇಸ್‌ಗಳಿಂದ 75 ಪೆಟಾಬೈಟ್ ಡೇಟಾವನ್ನು ತನ್ನದೇ ಕ್ಲೌಡಿಗೆ ಸಾಗಿಸಿ ಮುಗಿಸಿತು. ಬೇಸ್‌ಕ್ಯಾಂಪ್ ತಯಾರಿಸುವ 37ಸಿಗ್ನಲ್ಸ್ ಕಂಪನಿ ಖರ್ಚಿನ ಲೆಕ್ಕ ಹಾಕಿ 2022ರಲ್ಲಿ ಕ್ಲೌಡ್ ಬಿಡುವುದಾಗಿ ಸಾರಿ, ಮರುವರ್ಷ ಸ್ವಂತ ಯಂತ್ರಗಳಿಗೆ ಮರಳಿತು. ಯಾರು ಸರಿ ಎಂಬ ಜಗಳ ಮ್ಯಾನೇಜರುಗಳಿಗೆ ಬಿಟ್ಟದ್ದು. ಎರಡೂ ದಿಕ್ಕಿಗೆ ದೋಣಿ ನಡೆಸುವ ಅಂಬಿಗನಿಗೆ ಕೆಲಸ ಒಂದೇ.

ಸಾಗಣೆಯ ಕೊನೆಯ ಹೆಜ್ಜೆಯಾದ ಕಟ್‌ಓವರ್ ಹೆಚ್ಚಾಗಿ ಶನಿವಾರ ರಾತ್ರಿಯ ಕೆಲಸ. ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಿ, ಕಿರ್ದಿಯ ಕೊನೆಯ ಸಾಲು ಆಚೆ ತಲುಪುವವರೆಗೆ ಕಾದು, ಅಪ್ಲಿಕೇಶನನ್ನು ಹೊಸ ವಿಳಾಸಕ್ಕೆ ತಿರುಗಿಸುವುದು. ಬೆಂಗಳೂರಿನಲ್ಲಿ ನಾನು ಪಕ್ಕದಲ್ಲಿ ಕೂತು ನೋಡಿದ ಒಂದು ರಾತ್ರಿ ಎಲ್ಲ ಸಲೀಸಾಗಿ ನಡೆದು, ಹೊಸ ಡೇಟಾಬೇಸಿನಲ್ಲಿ ಹಾಕಿದ ಮೊದಲ ಬಿಲ್ಲೇ ಬಿದ್ದುಹೋಯಿತು: ಆ ಸಂಖ್ಯೆಯ ಬಿಲ್ ಆಗಲೇ ಇದೆ ಎಂಬ ದೂರು. ಕೋಣೆಯಲ್ಲಿ ಗಲಿಬಿಲಿ. ಡೇಟಾಬೇಸ್ ನೋಡಿಕೊಳ್ಳುವ ಹಿರಿಯ ಡಿಬಿಎ ಮಾತ್ರ ಲೋಟದ ಚಹಾ ಮುಗಿಸಿಯೇ ಹೇಳಿದರು: “ಏನಾಗಿಲ್ಲ ಕಣ್ರೀ, ಸೀಕ್ವೆನ್ಸ್ ಹಿಂದೆ ಉಳೀತು ಅಷ್ಟೆ.” ಮುಂದಿನ ಬಿಲ್ಲಿಗೆ ಯಾವ ನಂಬರು ಎಂದು ಎಣಿಸುವ ಪುಟ್ಟ ಯಂತ್ರ ಸೀಕ್ವೆನ್ಸ್. ಬಿಲ್ಲುಗಳೆಲ್ಲ ಬಂದಿದ್ದವು, ಎಣಿಕೆ ಬಂದಿರಲಿಲ್ಲ; ಅದು ಒಂದರಿಂದ ಶುರು ಮಾಡಿತ್ತು. ಎರಡು ನಿಮಿಷದಲ್ಲಿ ಸರಿಯಾಯಿತು.

ಅವರ ಕೈಚಳಕ ನನಗೆ ಕಂಡದ್ದು ಇದರಲ್ಲಲ್ಲ, ಆಮೇಲೆ ಮಾಡಿದ್ದರಲ್ಲಿ. ಹೊಸದರ ಕಿರ್ದಿಯನ್ನು ಹಳೆಯದಕ್ಕೆ ಉಲ್ಟಾ ಹರಿಯುವಂತೆ ಮಾಡಿದರು. ಹೊಸ ಜಾಗ ಒಗ್ಗದಿದ್ದರೆ ಒಂದು ಬಿಲ್ಲೂ ಕಳೆಯದೆ ವಾಪಸಾಗಲು ದಾರಿ. ಹಳೆಯ ಸರ್ವರನ್ನು ಯಾವಾಗ ಆರಿಸುತ್ತೀರಿ ಎಂದು ಮಾಲೀಕರು ವಾರಕ್ಕೆರಡು ಸಲ ಕೇಳುತ್ತಿದ್ದರು. ಇವರು ತಿಂಗಳ ಕೊನೆ ಕಳೆಯಲಿ ಎನ್ನುತ್ತಿದ್ದರು. 31ರ ರಾತ್ರಿ, ಎಲ್ಲರೂ ಮರೆತಿದ್ದ ಸಂಬಳದ ವರದಿಯ ಪ್ರೋಗ್ರಾಂ ಒಂದು ಎಂದಿನಂತೆ ಹಳೆಯ ವಿಳಾಸಕ್ಕೇ ಬಂದು ಬಾಗಿಲು ತಟ್ಟಿತು.