ಪದ್ಮಿನಿಯ ಪಿಸ್ಟನ್ನಿಗೆ ಎಷ್ಟು ಕೊಡಬಹುದು?

ಪುಣೆಯಿಂದ ಸಾತಾರಾ ಕಡೆಗೆ ಹೊರಟರೆ ಧನಕವಡಿ ದಾಟುತ್ತಿದ್ದಂತೆ ಕಾತ್ರಜ್ ಬರುತ್ತದೆ, ಅಲ್ಲಿಂದ ಹಳೇ ಘಾಟಿನ ಏರು. ಹಳೆಯ ಇಂಜಿನ್ನಿನ ಬಂಡವಾಳ ಬಯಲಾಗುವುದು ಆ ಏರಿನಲ್ಲೇ. ಹೀಗಾಗಿ ಧನಕವಡಿಯಂಥ ಕಡೆ ಪ್ರೀಮಿಯರ್ ಪದ್ಮಿನಿಯನ್ನು ಇನ್ನೂ ಓಡಿಸುವ ಹಟದವರು ಇಬ್ಬರು ಸೇರಿದರೆ ಮಾತು ತಾನಾಗಿ ಬಿಡಿಭಾಗದ ಬೆಲೆಗೆ ತಿರುಗುತ್ತದೆ. ಅದೇ ಪಿಸ್ಟನ್ ಸೆಟ್ಟಿಗೆ ಪುಣೆಯ ನಾನಾಪೇಠೆಯಲ್ಲಿ ಒಂದು ರೇಟು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇನ್ನೊಂದು. ಡಬ್ಬದ ಮೇಲೆ ‘ಇಟಲಿ ಮಾಲು’ ಎಂಬ ಚೀಟಿ ಇದ್ದರಂತೂ ಅಂಗಡಿಯವನ ಬಾಯಿಗೆ ಬಂದದ್ದೇ ರೇಟು.

ಇದಕ್ಕೆ ಕಾರಣವಿದೆ. ಫಿಯೆಟ್ 1100ರ ಮೈಯಲ್ಲೇ ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ, 1974ರಲ್ಲಿ ಆ ಹೆಸರು ಪಡೆದು 2000ದ ಸುಮಾರಿಗೆ ನಿಂತುಹೋಯಿತು. ಆಮೇಲೂ ಬಿಡಿಭಾಗದ ಮಾರುಕಟ್ಟೆಯನ್ನು ಜೀವಂತ ಇಟ್ಟವರು ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಯವರು. ಅವರದು ಕಾಸಿಗೆ ಕಾಸು ಎಣಿಸುವ ವ್ಯಾಪಾರ. ಕಳಪೆ ರಿಂಗ್ ಕೊಟ್ಟ ಅಂಗಡಿಗೆ ಮರುದಿನವೇ ಬಂದು ಜಗಳ ತೆಗೆಯುತ್ತಿದ್ದರು. 2023ರ ಅಕ್ಟೋಬರ್ 30ಕ್ಕೆ ಆ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆಯಿಂದ ಮರೆಯಾದವು. ಈಗ ಉಳಿದಿರುವ ಗಿರಾಕಿ ಶೋಕಿಯವನು. ಅವನು ಕೊಡುವ ಬೆಲೆಯಲ್ಲಿ ಅಭಾವದ ಪಾಲೇ ದೊಡ್ಡದು. ಗುಣದ ಪಾಲು ಎಷ್ಟೆಂದು ತಿಳಿಯಲು ಮೈಕ್ರೋಮೀಟರ್ ಹಿಡಿಯಬೇಕು.

ಪದ್ಮಿನಿಯ ಸಿಲಿಂಡರ್ ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ನಾಲ್ಕೂ ಸೇರಿ 1089 ಸಿ.ಸಿ., ಶಕ್ತಿ ಸುಮಾರು 40 ಕುದುರೆ. ಸಿಲಿಂಡರ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ–ಸಿಲಿಕಾನ್ ಮಿಶ್ರಲೋಹದ್ದು. ಬಿಸಿಯಾದಾಗ ಎರಡೂ ಸಮನಾಗಿ ಹಿಗ್ಗುವುದಿಲ್ಲ. ತಾಪ 100 ಡಿಗ್ರಿ ಏರಿದರೆ 68 ಮಿ.ಮೀ. ಕಬ್ಬಿಣ ಸುಮಾರು 0.075 ಮಿ.ಮೀ. ಹಿಗ್ಗುತ್ತದೆ, ಅದೇ ಅಳತೆಯ ಪಿಸ್ಟನ್ ಲೋಹ ಹತ್ತಿರಹತ್ತಿರ 0.135 ಮಿ.ಮೀ. ಸಾಲದ್ದಕ್ಕೆ ಸಿಲಿಂಡರ್ ಸುತ್ತ ನೀರು ಹರಿಯುತ್ತಿರುತ್ತದೆ, ಪಿಸ್ಟನ್ ತಲೆಯ ಮೇಲೆ ಬೆಂಕಿಯೇ ಕೂತಿರುತ್ತದೆ. ಈ ವ್ಯತ್ಯಾಸಕ್ಕೆಂದೇ ತಣ್ಣಗಿರುವಾಗ ನಡುವೆ ಕೂದಲೆಳೆಯಷ್ಟು ಸಂದಿ ಬಿಟ್ಟಿರುತ್ತಾರೆ. ಸಂದಿ ಕಡಿಮೆಯಾದರೆ ಘಾಟಿನ ಅರ್ಧದಲ್ಲೇ ಪಿಸ್ಟನ್ ಕಚ್ಚಿಕೊಂಡು ಇಂಜಿನ್ ಸೀಜ್. ಹೆಚ್ಚಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಪಿಸ್ಟನ್ ಗೋಡೆಗೆ ಬಡಿಯುವ ಟಕಟಕ ಸದ್ದು.

ಒಳ್ಳೆಯ ಪಿಸ್ಟನ್ ದುಂಡಗಿರುವುದಿಲ್ಲ ಎಂದರೆ ಅನೇಕರು ನಂಬುವುದಿಲ್ಲ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ ಹಾಯುವ ದಿಕ್ಕಿನಲ್ಲಿ ಲೋಹ ದಪ್ಪ, ಅಲ್ಲಿ ಹಿಗ್ಗು ಜಾಸ್ತಿ. ಅದಕ್ಕಾಗಿ ಆ ದಿಕ್ಕಿನಲ್ಲಿ ವ್ಯಾಸವನ್ನು ತುಸು ಕಡಿಮೆ ಮಾಡಿ, ಪಿಸ್ಟನ್ನನ್ನು ಕಣ್ಣಿಗೆ ಕಾಣದಷ್ಟು ಅಂಡಾಕಾರಕ್ಕೆ ಕಡೆದಿರುತ್ತಾರೆ. ಹೆಚ್ಚು ಕಾಯುವ ತಲೆಭಾಗವಂತೂ ಬುಡಕ್ಕಿಂತ ಸಣ್ಣದು. ಆದ್ದರಿಂದ ಅಂಗಡಿಯ ಕಟ್ಟೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬುಡದ ಕಡೆ, ಅಂದರೆ ಸ್ಕರ್ಟಿನ ಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ ಒಮ್ಮೆ, ಪಿನ್ನಿನ ದಿಕ್ಕಿನಲ್ಲಿ ಒಮ್ಮೆ, ಆಮೇಲೆ ತಲೆಯ ಹತ್ತಿರ ಒಮ್ಮೆ ಮೈಕ್ರೋಮೀಟರ್ ಹಿಡಿಯಿರಿ. ಮೂರೂ ಕಡೆ ಒಂದೇ ಅಂಕಿ ಬಂದರೆ ಅದು ಲೇತಿನ ಮೇಲೆ ಬರೀ ಉರುಟಾಗಿ ಕಡೆದ ಮಾಲು. ಡಬ್ಬದ ಮೇಲೆ ಯಾವ ದೇಶದ ಹೆಸರಿದ್ದರೂ ವಾಪಸ್ ಕೊಡಿ. ನಾಲ್ಕನ್ನೂ ಅಕ್ಕಸಾಲಿಗರ ಡಿಜಿಟಲ್ ತಕ್ಕಡಿಯಲ್ಲಿ ತೂಗುವುದೂ ಒಳ್ಳೆಯದು. ತೂಕದಲ್ಲಿ ಹೆಚ್ಚುಕಡಿಮೆ ಇದ್ದರೆ ಇಂಜಿನ್ ನಡುಗುತ್ತದೆ.

‘ಫೋರ್ಜ್ಡ್ ಪಿಸ್ಟನ್, ರೇಸ್ ಕ್ವಾಲಿಟಿ’ ಎಂದು ದುಬಾರಿ ಬೆಲೆ ಕೇಳುವವರಿಗೆ ನನ್ನ ಉತ್ತರ ಒಂದು ಸಣ್ಣ ಲೆಕ್ಕ. ನಿಮಿಷಕ್ಕೆ 4800 ಸುತ್ತು ತಿರುಗಿದರೂ ಪದ್ಮಿನಿಯ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. ರೇಸಿನ ಇಂಜಿನ್ನುಗಳಲ್ಲಿ ಅದು 25 ಮೀಟರಿಗೂ ಹೋಗುತ್ತದೆ. ಬಡಿದು ಮಾಡಿದ ಗಟ್ಟಿ ಲೋಹ ಬೇಕಾಗುವುದು ಅಲ್ಲಿ. ಅಂಥ ಪಿಸ್ಟನ್ನಿನ ಲೋಹದಲ್ಲಿ ಸಾಮಾನ್ಯವಾಗಿ ಸಿಲಿಕಾನ್ ಕಡಿಮೆ, ಹಿಗ್ಗು ಹೆಚ್ಚು, ಹಾಗಾಗಿ ಸಂದಿಯೂ ಹೆಚ್ಚು ಬಿಡಬೇಕು. ಅಂದರೆ ದುಪ್ಪಟ್ಟು ದುಡ್ಡು ಕೊಟ್ಟು ಟಕಟಕ ಸದ್ದನ್ನು ಮನೆಗೆ ತಂದಂತಾಯಿತು. ನಲವತ್ತು ಕುದುರೆಯ ಗಾಡಿಗೆ ಸರಿಯಾಗಿ ಎರಕ ಹೊಯ್ದ ಪಿಸ್ಟನ್ ಧಾರಾಳ ಸಾಕು.

ಪಿಸ್ಟನ್ ರಿಂಗಿನ ಪರೀಕ್ಷೆ ಇನ್ನೂ ಅಗ್ಗ. ರಿಂಗನ್ನು ಬೋರಿನೊಳಗೆ ಇಟ್ಟು ಪಿಸ್ಟನ್ನಿನಿಂದ ಸಮನಾಗಿ ಕೆಳಕ್ಕೆ ತಳ್ಳಿ, ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ. ಈ ಅಳತೆಯ ಬೋರಿಗೆ 0.2ರಿಂದ 0.3 ಮಿ.ಮೀ. ಆಸುಪಾಸು ಇದ್ದರೆ ಸರಿ. ಬೆಂಗಳೂರಿನ ಯಲಹಂಕದಲ್ಲೇ ದಶಕಗಳಿಂದ ಗೋಟ್ಜೆ ರಿಂಗುಗಳು ತಯಾರಾಗುತ್ತಿರುವಾಗ ಹೊರದೇಶದ ರಿಂಗಿಗೆ ಮೂರು ಪಟ್ಟು ಕೊಡಲು ನನಗಂತೂ ಕಾರಣ ಕಾಣುವುದಿಲ್ಲ.

ಚೌಕಾಸಿ ಮಾಡಬಾರದ ಜಾಗ ಬೇರಿಂಗ್ ಶೆಲ್. ಕ್ರ್ಯಾಂಕ್ ಮತ್ತು ಶೆಲ್ ನಡುವಿನ ಸಂದಿಯಿಂದ ಸೋರುವ ಆಯಿಲ್ ಆ ಸಂದಿಯ ಘನಕ್ಕೆ ತಕ್ಕಂತೆ ಏರುತ್ತದೆ. ಸಂದಿ ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು! ಆಯಿಲ್ ಪ್ರೆಶರ್ ಕುಸಿಯಲು ಅಷ್ಟು ಸಾಕು. ಇಲ್ಲಿ ಅಳತೆ ಖಚಿತವಿರುವ ಶೆಲ್ಲಿಗೆ ಹೆಚ್ಚು ಕೊಟ್ಟರೂ ಅದು ದುಬಾರಿ ಅಲ್ಲ.

ಇನ್ನು ‘ಓಲ್ಡ್ ಸ್ಟಾಕ್, ಸೀಲ್ ಒಡೆದಿಲ್ಲ’ ಎಂಬ ಆಮಿಷ. ಆಡುಗೋಡಿಯ ಮೈಕೋ ಕಾರ್ಖಾನೆಯ ಹಳೇ ಸ್ಪಾರ್ಕ್ ಪ್ಲಗ್ ಸಿಕ್ಕರೆ ಸಂತೋಷದಿಂದ ಕೊಳ್ಳಿ. ತುಕ್ಕು ಹಿಡಿಯದ ಲೋಹಕ್ಕೂ ಪಿಂಗಾಣಿಗೂ ವಯಸ್ಸಾಗುವುದಿಲ್ಲ. ರಬ್ಬರ್ ಹಾಗಲ್ಲ. ಡಬ್ಬದೊಳಗೇ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಪೆಡಸಾಗಿ ಬಿರಿಯುತ್ತದೆ. ಮೂವತ್ತು ವರ್ಷದ ಆಯಿಲ್ ಸೀಲು, ಪೆಟ್ರೋಲ್ ಪಂಪಿನ ಡಯಾಫ್ರಾಮು ಅಸಲಿ ಆದರೂ ಕಸವೇ. ಅದರ ಮೇಲೆ 2023ರಿಂದ ಬಂಕಿಗೆ ಬರತೊಡಗಿರುವ ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲು ಹಳೆಯ ಬಗೆಯ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಎಥೆನಾಲ್ ತಡೆಯುವ ಹೊಸ ಪೈಪು, ಹೊಸ ಡಯಾಫ್ರಾಮು ಮತ್ತು ಕಾರ್ಬ್ಯುರೇಟರಿಗೆ ಒಂದು ಗಾತ್ರ ದೊಡ್ಡ ಹಿತ್ತಾಳೆ ಜೆಟ್ಟು, ಇವಕ್ಕೆ ಆಗುವ ಖರ್ಚು ಮಾಡಿಯೇ ತೀರಬೇಕಾದದ್ದು.

ಇಂಜಿನ್ನನ್ನು ‘ಸುಧಾರಿಸಲು’ ಹೊರಟವರು ಗಮನಿಸಬೇಕಾದ ಇನ್ನೊಂದು ವಿಷಯ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ ಅಥವಾ ಇಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. 1974ರ ಪದ್ಮಿನಿಗಳು ಈಗಾಗಲೇ ಆ ವಯಸ್ಸು ದಾಟಿವೆ. ರೇಸ್ ಪಿಸ್ಟನ್ನಿಗೆ ಮುಂಗಡ ಕೊಡುವ ಮುನ್ನ ಆ ನಿಯಮವನ್ನು ಒಮ್ಮೆ ಓದಿಕೊಳ್ಳಿ.