ಶಾಲೆಗಾಗಿ ಶಾಲೆ ತೊರೆದ ಬಾಲಕಿ

ಮಳೆ ಬಂದರೆ ತರಗತಿಯೊಳಗೇ ಕೊಡೆ ಬಿಚ್ಚಿ ಕೂರಬೇಕು. ಚಳಿಗಾಲದಲ್ಲಿ ಒಲೆಯ ಪಕ್ಕ ಕುಳಿತವರಿಗೆ ಸೆಕೆ, ದೂರ ಕುಳಿತವರಿಗೆ ನಡುಕ. ಅಮೆರಿಕದ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಪಟ್ಟಣದಲ್ಲಿ ಕರಿಯರ ಮಕ್ಕಳಿಗೆಂದಿದ್ದ ಮೋಟನ್ ಪ್ರೌಢಶಾಲೆಯ ಸ್ಥಿತಿ 1951ರಲ್ಲಿ ಹೀಗಿತ್ತು. 180 ಮಕ್ಕಳಿಗಾಗಿ ಕಟ್ಟಿದ್ದ ಶಾಲೆಯಲ್ಲಿ 450ಕ್ಕೂ ಹೆಚ್ಚು ವಿದ್ಯಾರ್ಥಿಗಳು! ಹೆಚ್ಚಿನವರಿಗಾಗಿ ಆಡಳಿತ ಒದಗಿಸಿದ್ದು ಡಾಂಬರು ಕಾಗದ ಹೊದಿಸಿದ ಶೆಡ್‌ಗಳನ್ನು. ಪ್ರಯೋಗಾಲಯವಿಲ್ಲ, ವ್ಯಾಯಾಮ ಶಾಲೆಯೂ ಇಲ್ಲ.

ಈ ಶಾಲೆಯ 16 ವರ್ಷದ ವಿದ್ಯಾರ್ಥಿನಿ ಬಾರ್ಬರಾ ಜಾನ್ಸ್ ಸಂಗೀತ ಶಿಕ್ಷಕಿಯೊಬ್ಬರ ಬಳಿ ದೂರಿಕೊಂಡಾಗ, 'ನೀನೇ ಏನಾದರೂ ಮಾಡಬಾರದೇಕೆ?' ಎಂಬರ್ಥದ ಉತ್ತರ ಬಂತು. ಬಾರ್ಬರಾ ಆ ಮಾತನ್ನು ಮರೆಯಲಿಲ್ಲ. ಆಪ್ತ ಸಹಪಾಠಿಗಳೊಡನೆ ಗುಟ್ಟಾಗಿ ಯೋಜನೆ ರೂಪಿಸಿದಳು. 1951ರ ಏಪ್ರಿಲ್ 23ರಂದು ಸುಳ್ಳು ದೂರವಾಣಿ ಕರೆಯೊಂದು ಪ್ರಾಂಶುಪಾಲರನ್ನು ಹೊರಗೆ ಕಳುಹಿಸಿತು. ಸಭಾಂಗಣದಲ್ಲಿ ಸೇರಿದ ಮಕ್ಕಳೆದುರು ಪರದೆ ಸರಿದಾಗ ವೇದಿಕೆಯ ಮೇಲಿದ್ದವಳು ಬಾರ್ಬರಾ. ಆಕೆಯ ಮಾತು ಕೇಳಿ ಇಡೀ ಶಾಲೆ ಮುಷ್ಕರ ಹೂಡಿತು.

ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡವನ್ನಷ್ಟೇ. ಆದರೆ ನೆರವಿಗೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಒಂದು ಷರತ್ತು ಒಡ್ಡಿದರು. ಪ್ರತ್ಯೇಕ ಶಾಲೆಗಳ ಪದ್ಧತಿಯನ್ನೇ ಪ್ರಶ್ನಿಸಬೇಕು, ಅದಕ್ಕೆ ತಂದೆತಾಯಿಯರ ಬೆಂಬಲವಿರಬೇಕು. ಈಗ ಪರೀಕ್ಷೆ ಹಿರಿಯರದಾಯಿತು. ಬಿಳಿಯರ ಕೋಪಕ್ಕೆ ಗುರಿಯಾದರೆ ಕೆಲಸ, ಸಾಲ ಎರಡಕ್ಕೂ ಕುತ್ತು. ಆದರೂ ಅವರು ಮಕ್ಕಳ ಬೆನ್ನಿಗೆ ನಿಂತರು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ಮೊಕದ್ದಮೆ ದಾಖಲಾಯಿತು. 1953ರಲ್ಲಿ ಆಡಳಿತ ಹೊಸ ಕಟ್ಟಡ ಕಟ್ಟಿಸಿಕೊಟ್ಟರೂ ಅವರು ಹಿಂದೆ ಸರಿಯಲಿಲ್ಲ.

'ಬ್ರೌನ್ ಮೊಕದ್ದಮೆ' ಎಂದೇ ಪ್ರಸಿದ್ಧವಾದ ಐದು ಪ್ರಕರಣಗಳಲ್ಲಿ ಇದೂ ಒಂದು. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಒಮ್ಮತದ ತೀರ್ಪು ನೀಡಿತು.

ಗೆಲುವಿನ ಬೆಲೆ ದುಬಾರಿಯಾಗಿತ್ತು. ಮಗಳ ಸುರಕ್ಷತೆಗಾಗಿ ತಂದೆತಾಯಿ ಬಾರ್ಬರಾಳನ್ನು ಅಲಬಾಮಾದಲ್ಲಿದ್ದ ದೊಡ್ಡಪ್ಪನ ಮನೆಗೆ ಕಳುಹಿಸಿದರು. ಅವರ ಮನೆ 1955ರಲ್ಲಿ ಬೆಂಕಿಗೆ ಆಹುತಿಯಾಯಿತು. ಕರಿಯ ಮಕ್ಕಳೊಡನೆ ಬಿಳಿಯರ ಮಕ್ಕಳನ್ನು ಕೂರಿಸಲೊಪ್ಪದ ಸ್ಥಳೀಯ ಆಡಳಿತ 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಜಡಿಯಿತು! ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ತೆರೆಯಲಾಯಿತು. ಕರಿಯರ ಎಷ್ಟೋ ಮಕ್ಕಳು ಓದಿನಿಂದಲೇ ದೂರವಾದರು. ಆ ಬೀಗ ತೆರೆಯಲು 1964ರಲ್ಲಿ ಮತ್ತೆ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು.

ಬಾರ್ಬರಾ ಮುಂದೆ ಕೀರ್ತಿಯನ್ನು ಬಯಸಲಿಲ್ಲ. ಮದುವೆಯಾಗಿ ಐವರು ಮಕ್ಕಳ ತಾಯಿಯಾದರು. ಫಿಲಡೆಲ್ಫಿಯಾದ ಶಾಲೆಗಳಲ್ಲಿ ಗ್ರಂಥಪಾಲಕಿಯಾಗಿ ದುಡಿದು 1991ರಲ್ಲಿ ತೀರಿಕೊಂಡರು. ಅವರ ಹಳೆಯ ಶಾಲೆ ಈಗ ವಸ್ತುಸಂಗ್ರಹಾಲಯ. ಅಮೆರಿಕದ ಸಂಸತ್ ಭವನದಲ್ಲಿ ವರ್ಜೀನಿಯಾದ ಪರವಾಗಿದ್ದ ಪ್ರತಿಮೆಗಳಲ್ಲಿ ಒಂದು ಗುಲಾಮಗಿರಿಯ ಪರ ರಾಜ್ಯಗಳ ಸೇನಾನಿ ರಾಬರ್ಟ್ ಲೀಯದು. 2020ರಲ್ಲಿ ಅದನ್ನು ತೆರವುಗೊಳಿಸಲಾಯಿತು. 2025ರ ಡಿಸೆಂಬರ್‌ನಲ್ಲಿ ಅದರ ಬದಲಿಗೆ ಅನಾವರಣಗೊಂಡದ್ದು, ಪುಸ್ತಕ ಎತ್ತಿ ಹಿಡಿದು ನಿಂತ ಹದಿನಾರರ ಬಾರ್ಬರಾಳ ಪ್ರತಿಮೆ.