ಆಯಾಸ – ಆಯಾಸಂ: ಮಡಕಶಿರಾ ಸೀಮೆಯ ರೋಗಿ–ವೈದ್ಯರ ಮಾತುಕತೆಯಲ್ಲಿ ಕೆಲವು ತತ್ಸಮ ಶಬ್ದಗಳು

ಮಡಕಶಿರಾ, ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಮಂಡಲಗಳು ಅನಂತಪುರ ಜಿಲ್ಲೆಯಲ್ಲಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಇಲ್ಲಿ ಮನೆಯಲ್ಲಿ, ಹೊಲದಲ್ಲಿ ಆಡುವುದು ಕನ್ನಡ. ಕಛೇರಿ ಆಸ್ಪತ್ರೆಗಳಲ್ಲಿ ಬಹುಮಟ್ಟಿಗೆ ತೆಲುಗು. ಹೇಮಾವತಿಯ ನೊಳಂಬರ ಶಾಸನಗಳ ಕನ್ನಡವನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ನಾನು ಎತ್ತಿಕೊಂಡಿರುವುದು ಅಷ್ಟು ದೊಡ್ಡ ವಿಷಯವಲ್ಲ. ವೈದ್ಯರೆದುರು ಕೂತಾಗ ನಮ್ಮವರ ಕಿವಿಗೆ ಬೀಳುವ ಎರಡು ಮೂರು ಮಾತು, ಅಷ್ಟೇ.

ಸಂಸ್ಕೃತ ಬಂದರೆ ತೆಲುಗು ಅರ್ಧ ಬಂದ ಹಾಗೇ ಅಂತ ಮಕ್ಕಳಿಗೆ ಪಾಠದಲ್ಲಿ ಹೇಳಿಕೊಂಡು ಬಂದವನು ನಾನು. ಆ ಧೈರ್ಯದಲ್ಲೇ ಅತ್ತಿಗೆಯನ್ನು ಒಬ್ಬ ತೆಲುಗು ವೈದ್ಯರಲ್ಲಿಗೆ ಕರಕೊಂಡು ಹೋದೆ. ಅವರು “ಆಯಾಸಂ ವಸ್ತುಂದಾ?” ಅಂದರು. ನಾನು “ಆಯಾಸ ಆಗುತ್ತಾ ಅತ್ತಿಗೆ?” ಅಂದೆ. “ಎಂಥ ಆಯಾಸನಪ್ಪಾ, ಕೊಟ್ಟಿಗೆ ಕೆಲಸ ಎಲ್ಲಾ ನಾನೇ ಮಾಡಲ್ವಾ” ಅಂದರು. ನಾನು “ಲೇದಂಡಿ” ಅಂದೆ. ಹೊಟ್ಟೆಯುರಿಗೆ ಮಾತ್ರೆ ತಗೊಂಡು ಬಂದೆವು. ಆದರೆ ರಾತ್ರಿ ಅಂಗಾತ ಮಲಗಿದರೆ ಅವರಿಗೆ ಉಬ್ಬಸ. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರಂತೆ. ಎರಡು ತಿಂಗಳಾದ ಮೇಲೆ, ಕಾಲು ಬಾತುಕೊಂಡಾಗ, ಹೃದಯ ದುರ್ಬಲವಾಗಿದೆ ಅಂತ ತಿಳಿಯಿತು. ವೈದ್ಯರು ಕೇಳಬೇಕಾದ್ದನ್ನೇ ಕೇಳಿದ್ದರು. ತಪ್ಪಿದ್ದು ದುಭಾಷಿ.

ತೆಲುಗಿನಲ್ಲಿ ಆಯಾಸಂ ಎಂದರೆ ಏದುಸಿರು, ಉಬ್ಬಸ. ಕನ್ನಡದಲ್ಲಿ ದಣಿವು. ಮೂಲದಲ್ಲಿ ಆಙ್ ಉಪಸರ್ಗ, ಪ್ರಯತ್ನಾರ್ಥದ ಯಸ್ ಧಾತು. ಶ್ರಮ ಎಂದು ಅರ್ಥ. ಕನ್ನಡದ ಅರ್ಥ ಮೂಲಕ್ಕೆ ಹತ್ತಿರ ಉಳಿದಿದೆ. ಹಾಗೆಂದು ತೆಲುಗಿನದು ಅಪಪ್ರಯೋಗವೇನಲ್ಲ. ಚರಕಸಂಹಿತೆಯಲ್ಲಿ ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಶ್ವಾಸರೋಗ ಐದು ಬಗೆ. ಕ್ಷುದ್ರಶ್ವಾಸಕ್ಕೆ ಹೇಳಿರುವ ಕಾರಣಗಳಲ್ಲಿ ಆಯಾಸವೂ ಒಂದು. ಕಾರಣದ ಹೆಸರು ಕಾರ್ಯಕ್ಕೆ ಬಂದಿದೆ ಎನ್ನಬಹುದು. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದು ಲಕ್ಷಣೆ.

ಅವಸರವೂ ಹೀಗೆಯೇ. ಸಂಸ್ಕೃತದಲ್ಲಿ ಸಂದರ್ಭ, ಕನ್ನಡದಲ್ಲಿ ತ್ವರೆ, ತೆಲುಗಿನಲ್ಲಿ ಅಗತ್ಯ. “ಆಪರೇಷನ್ ಅವಸರಂ ಲೇದು” ಅಂದರೆ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ ಎಂದರ್ಥ. ನಮ್ಮವರು ಈಗಲೇ ಆತುರವಿಲ್ಲ, ಮುಂದೆ ಮಾಡಿಸಬೇಕು ಅಂದುಕೊಂಡು ಹಣ ಹೊಂದಿಸಲು ಚಿಂತಿಸುತ್ತಾರೆ.

ಅಚ್ಚ ತೆಲುಗು ಮಾತಿನಿಂದ ಇಷ್ಟು ಹಾನಿಯಿಲ್ಲ. ತಲೆ ಸುತ್ತುವುದಕ್ಕೆ ಅವರು ಕಣ್ಣು ತಿರುಗುವುದು ಅನ್ನುತ್ತಾರೆ. “ಕಳ್ಳು ತಿರುಗುತುನ್ನಾಯಾ?” ಎಂದು ಕೇಳಿದರೆ ನಮ್ಮ ಮುದುಕ “ನಾನು ಕಳ್ಳು ಮುಟ್ಟಲ್ಲ ಸ್ವಾಮಿ” ಅಂದಾನು. ಎಲ್ಲರೂ ನಕ್ಕು ಮತ್ತೊಮ್ಮೆ ಕೇಳುತ್ತಾರೆ, ವಿಷಯ ಬಗೆಹರಿಯುತ್ತದೆ. ಆಯಾಸ ಎಂದಾಗ ಯಾರೂ ನಗುವುದಿಲ್ಲ, ಮತ್ತೆ ಕೇಳುವುದೂ ಇಲ್ಲ. ಗಡಿನಾಡಿನ ಪದಕೋಶ ಮಾಡುವವರು ದೇಶ್ಯಗಳನ್ನು ಆಸೆಯಿಂದ ಕೂಡಿಡುತ್ತಾರೆ, ತತ್ಸಮ ಬಂದರೆ ಸಮಾನ ಎಂದು ಬಿಟ್ಟುಬಿಡುತ್ತಾರೆ. ರೋಗಲಕ್ಷಣಗಳ ಮಟ್ಟಿಗಾದರೂ ಈ ರೂಢಿ ತಿರುಗುಮುರುಗಾಗಬೇಕು ಎಂದು ನನ್ನ ಅಭಿಪ್ರಾಯ.

ವಾಗ್ಭಟ ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ದಾರಿ ಹೇಳುತ್ತಾನೆ. ಪ್ರಶ್ನ ಲಕ್ಷಣದ ಹೆಸರಿನಲ್ಲಿರದೆ ಕ್ರಿಯೆಯಲ್ಲಿದ್ದರೆ ಎರಡು ಭಾಷೆಗೂ ಒಗ್ಗುತ್ತದೆ: ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗ್ತೀರಿ, ನೀರು ಹೊತ್ತು ತರುವಾಗ ಎಷ್ಟು ಸಲ ನಿಲ್ಲುತ್ತೀರಿ. ಅತ್ತಿಗೆಗೆ ಹೀಗೆ ಕೇಳಿದ್ದರೆ ಅಂದೇ ಹೇಳುತ್ತಿದ್ದರು. ಹಾಗೆಯೇ ಮದ್ದಿನ ವಿಷಯವನ್ನು ರೋಗಿಯ ಬಾಯಲ್ಲಿ ಒಮ್ಮೆ ತಿರುಗಿ ಹೇಳಿಸುವುದು ಒಳ್ಳೆಯದು. ಅರ್ಧ ನಿಮಿಷವೂ ಬೇಡ.

ಇನ್ನೊಂದು ಮಾತು. ತೆಲುಗು ಮಾಧ್ಯಮದಲ್ಲಿ ಓದಿದ ನನ್ನ ಮೊಮ್ಮಗ ಕನ್ನಡ ಆಡುವಾಗಲೂ ಆಯಾಸ ಎಂದರೆ ಉಬ್ಬಸ ಎಂದೇ ತಿಳಿಯುತ್ತಾನೆ. ಅವನ ಅಜ್ಜಿಗೆ ಅದು ದಣಿವು. ಈಗ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗುವವನು ಅವನೇ.